ತಮ್ಮನ ಹೆಸರಿನ ಮನೆ

ಕೇಸು ಮುಗಿದ ಮರುದಿನ ಬೆಳಿಗ್ಗೆ ಟೈಲರಮ್ಮ ಮುಂದಿನ ಕೋಣೆಯ ಕಿಟಕಿಯ ಎರಡೂ ಬಾಗಿಲು ತೆರೆದಳು. ಎಡಗಡೆಯದು ಹನ್ನೊಂದು ವರ್ಷದಿಂದ ಮುಚ್ಚಿಯೇ ಇತ್ತು. ಬೀದಿಯಲ್ಲಿ ಬರುವವರು ಒಳಗಿನವರಿಗೆ ಕಾಣಬೇಕು, ಒಳಗಿನವರು ಬೀದಿಗೆ ಕಾಣಬಾರದು ಎಂದು ಅವಳೇ ಮಾಡಿಕೊಂಡಿದ್ದ ವ್ಯವಸ್ಥೆ ಅದು. ಚಿಲಕ ತುಕ್ಕು ಹಿಡಿದು ಕೂತಿತ್ತು. ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಕತ್ತರಿಯ ಹಿಡಿಯಿಂದ ನಾಲ್ಕು ಏಟು ಹಾಕಿದ ಮೇಲೆ ಸಡಿಲಾಯಿತು. ಕಟಿಂಗ್ ಮೇಜಿನ ಮೂಲೆಯವರೆಗೂ ಬೆಳಕು ಬಂತು.

"ಈ ರೂಮಿಗೆ ಇಷ್ಟು ಬೆಳಕಿತ್ತಾ?" ಎಂದಳು ಮಗಳು, ಬ್ರೆಡ್ಡು ಅಗಿಯುತ್ತಲೇ.

"ಇತ್ತು. ನಾವು ಸುಮ್ಮನೆ ಕರೆಂಟ್ ಬಿಲ್ ಕಟ್ತಿದ್ವಿ."

ಮೆಟ್ಟಿಲ ಕೆಳಗಿನ ನಡುಮನೆಯಲ್ಲಿ ಮಂಚದ ಮೇಲೆ ಕೂತು ಟೈಲರಮ್ಮನ ಅಮ್ಮ ಶಾಲೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕಾಲ ಬಳಿ ಹಳೆಯ ಬಿಸ್ಕತ್ತಿನ ಡಬ್ಬಿ, ತುಂಬಾ ಬಿಳಿ ಗುಂಡಿಗಳು. ಶಾಲೆ ತೆರೆಯಲು ಎಂಟು ವಾರವಿತ್ತು. ಇನ್ನೂರು ಅಂಗಿ ಆಗಬೇಕು. ಟೈಲರಮ್ಮನ ಗಂಡ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ. ಒಂದು ಕಾಲಕ್ಕೆ ಅವನಿಗೆ ದೊಡ್ಡ ಫರ್ನಿಚರ್ ಅಂಗಡಿಯಿತ್ತು. ಪಾಲುದಾರ ಒಂದು ದಿನ ಕಾಣೆಯಾದ. ಸಾಲ ಕೊಟ್ಟವರೆಲ್ಲ ಇವನ ಕುತ್ತಿಗೆಗೆ ಬಿದ್ದರು. ಈಗ ಲಾರಿ ತೂಕದ ಕಟ್ಟೆಯಲ್ಲಿ ಗುಮಾಸ್ತ. ಕೇಸು ಎಳೆದೆಳೆದು, ಕೊನೆಗೆ ಸಾಲ ಕೊಟ್ಟವರೂ ಸುಸ್ತಾಗಿ, ಕೊಟ್ಟಷ್ಟು ತೆಗೆದುಕೊಂಡು ರಾಜಿ ಬರೆದುಕೊಟ್ಟಿದ್ದರು. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದರು: ನಮ್ಮ ಹೆಸರಿನಲ್ಲಾಗಲಿ, ನಮ್ಮ ದುಡ್ಡಿನಿಂದ ಬೇರೆಯವರ ಹೆಸರಿನಲ್ಲಾಗಲಿ ಯಾವ ಮನೆಯೂ ಇಲ್ಲ.

ಮೇಲಿನ ಮಹಡಿಯಲ್ಲಿದ್ದ ತಮ್ಮ ಇಳಿದು ಬಂದ. ಲಿಫ್ಟ್ ರಿಪೇರಿ ಮಾಡುವವನು; ಬೆರಳುಗಳ ಸಂದಿನಲ್ಲಿ ಗ್ರೀಸು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಅಕ್ಕ ಕೊಟ್ಟ ಚಹಾ ಕುಡಿದ.

"ಇನ್ನು ಭಯ ಇಲ್ಲ. ಮನೆ ನನ್ನ ಹೆಸರಿಗೆ ಬರೆದುಕೊಡು. ರಿಜಿಸ್ಟ್ರೇಷನ್ ಖರ್ಚು ನಂದೇ," ಎಂದಳು ಟೈಲರಮ್ಮ.

"ಈಗಿಂದೀಗ್ಲೇನಾ ಅಕ್ಕ? ನಿನ್ನೆ ತಾನೇ ಕೇಸು ಮುಗಿದಿದೆ. ಯಾರಾದ್ರೂ ಕಣ್ಣಿಟ್ಟಿರ್ತಾರೆ."

"ಹಾಗಾದ್ರೆ ಯಾವಾಗ?"

"ಈ ತಿಂಗಳು ಕಳೀಲಿ. ನಾನೇನು ಓಡಿಹೋಗ್ತೀನಾ?" ಅವನು ಲೋಟ ಕೆಳಗಿಟ್ಟು ನಕ್ಕ. ಚಿಕ್ಕಂದಿನಿಂದಲೂ ಅವನದು ಅದೇ ನಗು. ಅದನ್ನು ನೋಡಿದರೆ ಬೈಯಲು ಬಂದವರೂ ತಿಂಡಿ ಕೊಟ್ಟು ಹೋಗುತ್ತಿದ್ದರು.

ಅಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿ ಮುಂದಿನ ಅಂಗಿ ಎತ್ತಿಕೊಂಡಳು.

ಈ ಮನೆ ಕೊಂಡದ್ದು ಹೀಗೆ. ಬ್ಯಾಂಕಿನಲ್ಲಿ ಏನಿಟ್ಟರೂ ಮುಟ್ಟುಗೋಲಾಗುತ್ತದೆಂದು ಟೈಲರಮ್ಮ ಹೊಲಿಗೆಯಿಂದ ಬಂದದ್ದನ್ನೆಲ್ಲ ನೋಟಿನಲ್ಲೇ ಕೂಡಿಟ್ಟಿದ್ದಳು. ಮದುವೆ ಸೀಸನ್ನಿನ ಕೋಟುಗಳು, ಹೋಟೆಲಿನ ಪರದೆಗಳು, ಒಂದು ಆಸ್ಪತ್ರೆಯ ಮುನ್ನೂರು ಏಪ್ರನ್ನು. ಈ ಮನೆ ಅಗ್ಗಕ್ಕೆ ಬಂದಾಗ, "ತಮ್ಮನ ಹೆಸರಲ್ಲಿ ತಗೋ, ಅವನೇನು ಹೊರಗಿನವನಾ" ಎಂದವಳು ಅಮ್ಮ. ರಿಜಿಸ್ಟ್ರಾರ್ ಕಚೇರಿಗೆ ಬಸ್ಸಿನಲ್ಲಿ ಹೋಗುವಾಗ ದುಡ್ಡು ಅಮ್ಮನ ಮಡಿಲಲ್ಲಿತ್ತು. ಇದೇ ಬಿಸ್ಕತ್ತಿನ ಡಬ್ಬಿ. ಕೆಳಗೆ ನೋಟಿನ ಕಟ್ಟುಗಳು, ಮೇಲೆ ಎರಡು ಬೆರಳು ದಪ್ಪ ಗುಂಡಿ. ಪಕ್ಕದ ಸೀಟಿನವನು ಏನಮ್ಮ ಅದು ಎಂದಾಗ ಅಮ್ಮ ಮುಚ್ಚಳ ತೆಗೆದು ತೋರಿಸಿಯೂ ಇದ್ದಳು. ಆ ಧೈರ್ಯದ ಕಥೆಯನ್ನು ಮನೆಯವರು ಎಷ್ಟೋ ಸಲ ಊಟದ ಹೊತ್ತಿನಲ್ಲಿ ಹೇಳಿಕೊಂಡು ನಕ್ಕಿದ್ದರು.

ಟೈಲರಮ್ಮ ಅಷ್ಟಕ್ಕೇ ಬಿಡಲಿಲ್ಲ. ಒಂದು ಹೊಲಿಗೆ ಸಾಕಾದ ಕಡೆ ಎರಡು ಹಾಕುವ ಕೈ ಅವಳದು. ಯಾರಾದರೂ ಕೇಳಿದರೆ ಇರಲಿ ಎಂದು ಬಾಡಿಗೆ ಕರಾರು ಮಾಡಿಸಿದಳು. ಪ್ರತಿ ತಿಂಗಳ ಒಂದನೇ ತಾರೀಖು ರಸೀದಿ ಪುಸ್ತಕ ತೆಗೆದು, ಇಂಥ ಮನೆಯ ಕೆಳಭಾಗದ ಬಾಡಿಗೆ ಸಂದಿದೆ ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದು, ಹಾಳೆಯ ಅರ್ಧದಲ್ಲಿ ತಮ್ಮನ ಸಹಿ, ಉಳಿದರ್ಧದಲ್ಲಿ ತನ್ನ ಸಹಿ. ಅರ್ಧ ಅವನ ಹತ್ತಿರ, ಅರ್ಧ ಇವಳ ಹತ್ತಿರ. ದುಡ್ಡು ಮಾತ್ರ ಒಂದು ತಿಂಗಳೂ ಕೈಬದಲಾಗಲಿಲ್ಲ. ಮೂರನೇ ವರ್ಷ ಮುಟ್ಟುಗೋಲಿಗೆಂದು ಕೋರ್ಟಿನ ಅಮೀನ ಬಂದು ಬಾಗಿಲು ತಟ್ಟಿದಾಗ ಆ ರಸೀದಿಗಳೇ ಕಾಪಾಡಿದವು. ಅವನು ಎರಡು ಪುಸ್ತಕ ತಿರುವಿಹಾಕಿ, ಬಾಡಿಗೆಯವರ ಪಾತ್ರೆಪಗಡದಲ್ಲಿ ನನಗೇನು ಕೆಲಸ ಎಂದು ಹೊರಟುಹೋದ. ಆಮೇಲೂ ಅವಳು ನಿಲ್ಲಿಸಲಿಲ್ಲ. ಜ್ವರ ಬಂದ ತಿಂಗಳೂ ಮಲಗಿದಲ್ಲೇ ಬರೆದಳು.

ತಿಂಗಳು ಕಳೆಯಿತು. ತಮ್ಮ ಈಗ ಚಹಾಕ್ಕೆ ಕೆಳಗೆ ನಿಲ್ಲುತ್ತಿರಲಿಲ್ಲ. ತಡವಾಯ್ತು ಅಕ್ಕ, ಏಳನೇ ಮಹಡಿಯಲ್ಲಿ ಜನ ಸಿಕ್ಕಿಹಾಕ್ಕೊಂಡಿದ್ದಾರೆ ಎನ್ನುತ್ತ ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದ.

"ಈ ಊರಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೇ ಜನ ಲಿಫ್ಟಲ್ಲಿ ಸಿಕ್ಕಿಹಾಕ್ಕೋತಾರೆ," ಎಂದ ಗಂಡ.

ಒಂದು ಶನಿವಾರ ಮಧ್ಯಾಹ್ನ ತಮ್ಮನ ಹೆಂಡತಿ ತಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನ ಯಜಮಾನರನ್ನು ಕರೆದುಕೊಂಡು ಬಂದಳು. ಅವರು ಚಪ್ಪಲಿ ಬಿಡದೆ ಮುಂದಿನ ಕೋಣೆಗೆ ಬಂದು, ಜೇಬಿನಿಂದ ಉಕ್ಕಿನ ಟೇಪು ತೆಗೆದು ಗೋಡೆಗೆ ಹಿಡಿದರು. ಟೈಲರಮ್ಮ ಕೊರಳಲ್ಲಿ ಬಟ್ಟೆಯ ಟೇಪು, ಕೈಯಲ್ಲಿ ಚಾಕ್ ಹಿಡಿದು ನಿಂತಿದ್ದಳು. ಇಪ್ಪತ್ತೆಂಟು ವರ್ಷ ಅವಳು ಬೇರೆಯವರ ಅಳತೆ ತೆಗೆದಿದ್ದಳು; ಅವಳ ಕಣ್ಣೆದುರು ಅವಳದನ್ನು ಯಾರೂ ತೆಗೆದಿರಲಿಲ್ಲ.

"ಹನ್ನೆರಡು ಅಡಿ ಎರಡಿಂಚು," ಎಂದರು ಅವರು.

"ಮೂರಿಂಚು. ಆ ಮೂಲೇಲಿ ಗೋಡೆ ಉಬ್ಬಿದೆ," ಎಂದಳು ಟೈಲರಮ್ಮ. "ಯಾತಕ್ಕೆ ಅಳತೆ?"

ಅವರು ತಮ್ಮನ ಹೆಂಡತಿಯ ಮುಖ ನೋಡಿದರು. ಅವಳು, "ಆಮೇಲೆ ಹೇಳ್ತೀನಿ ಅತ್ತಿಗೆ," ಎಂದಳು.

ಆಮೇಲೆ ಎಂದರೆ ಸಂಜೆ ಊಟದ ಮೇಜಿನಲ್ಲಿ. ಶನಿವಾರ ಎಲ್ಲರೂ ಕೆಳಗೇ ಊಟ ಮಾಡುವುದು ರೂಢಿ. ಟೈಲರಮ್ಮ ಬೇಯಿಸಿದ ಮೊಟ್ಟೆಗಳನ್ನು ಸುಲಿದು ತಟ್ಟೆಗೆ ಹಾಕುತ್ತಿದ್ದಳು.

"ನಮ್ಮ ಅಂಗಡಿ ಯಜಮಾನರು ಈ ಕಡೆ ಒಂದು ಬ್ರಾಂಚ್ ಹಾಕ್ತಾರಂತೆ," ತಮ್ಮನ ಹೆಂಡತಿ ಶುರು ಮಾಡಿದಳು. "ಮುಂದಿನ ರೂಮು ಕೊಟ್ರೆ ಒಳ್ಳೆ ಬಾಡಿಗೆ. ನನ್ನೇ ಇನ್‌ಚಾರ್ಜ್ ಮಾಡ್ತಾರಂತೆ."

"ಅಲ್ಲಿ ನನ್ನ ಮೆಷಿನ್ ಇದೆ."

"ಹಿಂದಿನ ರೂಮಲ್ಲಿ ಹಾಕೊಳ್ಳಿ."

"ಹಿಂದಿನ ರೂಮಲ್ಲಿ ನಾವು ಮೂರು ಜನ ಮಲಗ್ತೀವಿ. ಬೆಳಕೂ ಇಲ್ಲ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕೋದು ನಿನ್ನ ಮಾತ್ರೆ ಎಣಿಸಿದ ಹಾಗಲ್ಲ."

"ಮಾತ್ರೆ ಎಣಿಸೋದು ಸುಲಭ ಅಂತ ಯಾರು ಹೇಳಿದ್ದು? ಒಂಬತ್ತು ವರ್ಷದಿಂದ ಆ ಕೌಂಟರ್ ಹಿಂದೆ ನಿಂತಿದೀನಿ ಅತ್ತಿಗೆ. ಒಂದು ಸ್ಟೂಲ್ ಕೊಡಿ ಅಂದ್ರೆ ಗಿರಾಕಿಗೆ ಅಗೌರವ ಅಂತಾರೆ. ನನ್ನ ಕಾಲು ನೋಡಿದೀರಾ? ಹುರಿ ಹುರಿ ನರ ಎದ್ದಿದೆ."

ಟೈಲರಮ್ಮ ನೋಡಿದ್ದಳು. ಒಗೆದ ಬಟ್ಟೆ ಹರವುವಾಗ, ಮೆಟ್ಟಿಲಿಳಿಯುವಾಗ. ತಮ್ಮನ ಕಡೆ ತಿರುಗಿದಳು.

"ನೀನು ಹೇಳು. ಮನೆ ಯಾರದು?"

ಅವನು ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯನ್ನು ಪಕ್ಕಕ್ಕಿಟ್ಟ.

"ಅಕ್ಕ, ಒಂದು ಮಾತು ಕೇಳ್ತೀನಿ. ಆರು ವರ್ಷದ ಹಿಂದೆ ಕಂಪನಿ ಕೆಲಸದವರಿಗೆಲ್ಲ ಫ್ಲ್ಯಾಟ್ ಕೊಟ್ಟಾಗ ನನ್ನ ಅರ್ಜಿ ಯಾಕೆ ತಿರುಗಿ ಬಂತು? ನಿನಗೆ ಈಗಾಗಲೇ ಸ್ವಂತ ಮನೆ ಇದೆ ಅಂತ. ನನ್ನ ಕೈಕೆಳಗಿದ್ದವನು ಈಗ ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿದಾನೆ. ನಾನು ನಿನ್ನ ಹತ್ರ ಬಂದು ಹೇಳಿದೆ. ನೀನೇನಂದೆ?"

ಅವಳಿಗೆ ನೆನಪಿತ್ತು. ಕೋಟಿನ ತೋಳು ಕೂಡಿಸುತ್ತಿದ್ದಳು. ತಲೆಯೆತ್ತದೆ, ಈಗ ಕೆದಕಬೇಡ, ಕೇಸು ಮುಗಿಲಿ ಎಂದಿದ್ದಳು.

"ಕೇಸು ಮುಗಿಲಿ ಅಂದೆ," ಎಂದಳು.

"ಮುಗಿಯೋ ಹೊತ್ತಿಗೆ ಫ್ಲ್ಯಾಟೂ ಮುಗೀತು. ನಿನ್ನ ಮನೆ ಉಳಿಸೋಕೆ ಹೋಗಿ ನನ್ನದು ಹೋಯ್ತು. ಈಗ ಇದನ್ನೂ ಬರೆದುಕೊಟ್ಟರೆ ನನಗೇನಿದೆ?"

"ಅದಕ್ಕೆ ನನ್ನದನ್ನ ಇಟ್ಕೋತೀಯಾ?"

"ನಿಮ್ಮದು ಅಂತ ಎಲ್ಲಿ ಬರೆದಿದೆ?" ತಮ್ಮನ ಹೆಂಡತಿ ಎದ್ದು ಹೋಗಿ, ಮೇಲಿನಿಂದ ಒಂದು ಚೀಲ ತಂದು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದ ರಸೀದಿಗಳು, ವರ್ಷಕ್ಕೊಂದು ಕಟ್ಟು. ಹೊಲಿಗೆ ದಾರದಿಂದಲೇ ಕಟ್ಟಿದ್ದವು. ಕಟ್ಟಿದ್ದೂ ಟೈಲರಮ್ಮನೇ. "ಇದು ನಿಮ್ಮ ಅಕ್ಷರ ತಾನೇ ಅತ್ತಿಗೆ?"

ಮಗಳು ತಟ್ಟೆ ದೂಡಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿಗೆ ಹೋಗುವವಳು, ಹತ್ತೊಂಬತ್ತರ ಹುಡುಗಿ. ಮೂರು ವರ್ಷದವಳಿದ್ದಾಗಿನಿಂದ ವಾದ ಮಾಡುತ್ತಾಳೆಂದು ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು. "ಅತ್ತೆ, ಒಂದು ತಿಂಗಳಾದ್ರೂ ಆ ದುಡ್ಡು ನಿಮ್ಮ ಕೈಗೆ ಬಂದಿತ್ತಾ?"

"ಬಂದಿದೆ ಅಂತ ನಿಮ್ಮಮ್ಮನೇ ಬರೆದಿದಾರಲ್ಲ."

"ಮಾಮ, ನೀವು ಹೇಳಿ."

ತಮ್ಮ ಹಳದಿಯನ್ನು ಬೆರಳಿನಿಂದ ಪುಡಿ ಮಾಡುತ್ತಿದ್ದ. "ಊಟದ ಹೊತ್ತಲ್ಲಿ ಇದೆಲ್ಲ ಬೇಡ," ಎಂದ.

ಅಮ್ಮ ಎಲ್ಲರಿಗಿಂತ ಮೊದಲು ಊಟ ಮುಗಿಸಿ ಕೈ ತೊಳೆಯಲು ಎದ್ದಳು.

ಮುಂದಿನ ವಾರ ಟೈಲರಮ್ಮ ವಕೀಲರ ಕಚೇರಿಗೆ ಹೋದಳು. ಅವರ ಕರಿ ಕೋಟಿನ ಕಾಲರನ್ನು ಎರಡು ಸಲ ತಿರುವಿ ಹೊಲಿದುಕೊಟ್ಟಿದ್ದ ಪರಿಚಯ. ಅವರು ಕಟ್ಟು ಬಿಚ್ಚಿ, ಹತ್ತಾರು ರಸೀದಿ ನೋಡಿ, ಕನ್ನಡಕ ತೆಗೆದರು.

"ಎಷ್ಟು ಚೆನ್ನಾಗಿ ಮಾಡಿದೀರಮ್ಮ. ನಾನೇ ಹೇಳಿಕೊಟ್ಟಿದ್ದರೂ ಇಷ್ಟು ಅಚ್ಚುಕಟ್ಟಾಗಿ ಮಾಡ್ತಿರಲಿಲ್ಲ."

"ಇವು ಸುಳ್ಳು ಅಂತ ಹೇಳಿದ್ರೆ?"

"ಯಾಕೆ ಸುಳ್ಳು ಬರೆದಿರಿ ಅಂತ ಕೇಳ್ತಾರೆ. ಸಾಲ ಕೊಟ್ಟವರಿಂದ ಮನೆ ಮುಚ್ಚಿಡೋಕೆ ಅಂತ ಹೇಳಬೇಕಾಗುತ್ತೆ. ಹೋದ ತಿಂಗಳು ತಾನೇ ಮನೆ ಇಲ್ಲ ಅಂತ ಪ್ರಮಾಣ ಮಾಡಿದೀರಿ. ರಾಜಿ ಮುರಿದು ಬೀಳುತ್ತೆ. ನಿಮ್ಮ ಯಜಮಾನರ ಹಳೇ ಸಾಲ ಪೂರ್ತಿ ಎದ್ದು ಕೂರುತ್ತೆ, ಮೇಲೆ ಸುಳ್ಳು ಪ್ರಮಾಣದ ಕೇಸು."

"ಅಂದ್ರೆ ನಿಜ ಹೇಳೋ ಹಾಗಿಲ್ಲ."

"ಕೋರ್ಟಲ್ಲಿ ಹೇಳೋ ಹಾಗಿಲ್ಲ. ಮನೆಯೊಳಗೆ ಹೇಳಿ. ದುಡ್ಡು ಕೊಟ್ಟಾಗ ಕಣ್ಣಾರೆ ನೋಡಿದವರು ಯಾರಾದ್ರೂ ಇದಾರಾ?"

"ನಮ್ಮಮ್ಮ ಇದಾಳೆ."

"ಹಾಗಾದ್ರೆ ನಾಲ್ಕು ಜನರ ಮುಂದೆ ಅವರ ಬಾಯಲ್ಲಿ ಹೇಳಿಸಿ. ತಮ್ಮ ನಾಚಿಕೆಯಿಂದಲಾದ್ರೂ ಬಗ್ಗಬಹುದು. ಬೇರೆ ದಾರಿ ನನಗೆ ಕಾಣಲ್ಲ."

ಶುಲ್ಕ ಬೇಡ ಎಂದು, ಬಾಗಿಲವರೆಗೆ ಬಂದು, ಕೋಟಿನ ತೋಳಿನ ಅಸ್ತರು ಹರಿದಿದೆ, ಯಾವಾಗ ಕಳಿಸಲಿ ಎಂದು ಕೇಳಿದರು.

ನಾಲ್ಕು ಜನ ಎಂದರೆ ಕೊನೆಗೆ ಸಿಕ್ಕಿದ್ದು ಒಬ್ಬರೇ: ಅಮ್ಮನ ಅಣ್ಣ, ನಿವೃತ್ತ ಸ್ಟೇಷನ್ ಮಾಸ್ಟರ್. ಅವರ ಮಾತನ್ನು ತಮ್ಮ ತೆಗೆದುಹಾಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಭಾನುವಾರ ಹತ್ತು ಗಂಟೆಗೆ ಎಂದಿದ್ದರು. ಹತ್ತಕ್ಕೆ ಸರಿಯಾಗಿ ಬಂದು, ಮುಂದಿನ ಕೋಣೆಯಲ್ಲಿ ಕತ್ತರಿಸಿಟ್ಟ ಅಂಗಿಗಳ ರಾಶಿಯನ್ನು ಸರಿಸಿ ಕೂತರು. ಬೇರೆ ಕುರ್ಚಿಯಿರಲಿಲ್ಲ. ಗಂಡ ಇಸ್ತ್ರಿ ಮೇಜಿಗೆ ಒರಗಿ ನಿಂತ. ತಮ್ಮ ಹೊಸ್ತಿಲಲ್ಲಿ, ಅವನ ಹೆಂಡತಿ ಮೆಟ್ಟಿಲ ಮೂರನೆಯ ಹಲಗೆಯಲ್ಲಿ. ಅಮ್ಮನನ್ನು ಮಗಳು ಕೈಹಿಡಿದು ತಂದು ಮೆಷಿನ್ನಿನ ಸ್ಟೂಲಿನ ಮೇಲೆ ಕೂರಿಸಿದಳು. ಡಬ್ಬಿಯನ್ನು ಅಮ್ಮ ಮಡಿಲಲ್ಲೇ ತಂದಿದ್ದಳು. ಬರುವಾಗ ಕೆಲಸ ಮಾಡುತ್ತಿದ್ದಳು, ಹಾಗೇ ಎದ್ದಿದ್ದಳು.

"ನೋಡು," ಎಂದರು ಮಾವ ತಂಗಿಗೆ. "ಕಾಗದ ಎಲ್ಲ ನೋಡಿದೆ. ಕಾಗದ ಅವನ ಕಡೆ ಇದೆ. ದುಡ್ಡು ನನ್ನದು ಅಂತ ನಿನ್ನ ಮಗಳು ಹೇಳ್ತಾಳೆ. ಅವತ್ತು ಜೊತೇಲಿ ಇದ್ದವಳು ನೀನು. ನೀನೇನು ಹೇಳ್ತೀಯೋ ಅದಕ್ಕೆ ಇಬ್ಬರೂ ಒಪ್ಪಬೇಕು. ಏನಪ್ಪಾ?"

"ಅಮ್ಮ ಹೇಳಿದ ಹಾಗೆ," ಎಂದ ತಮ್ಮ. ಅವನ ಹಣೆಯಲ್ಲಿ ಬೆವರಿತ್ತು. ಹೇಳು, ಹೇಳಿ ಮುಗಿಸು ಎನ್ನುವಂತೆ ತಾಯಿಯನ್ನು ನೋಡುತ್ತಿದ್ದ. ಆ ಹೊತ್ತಿಗೆ ಅವನು ಸೋಲಲು ತಯಾರಾಗಿಯೇ ಬಂದಿದ್ದ ಎಂದು ಟೈಲರಮ್ಮನಿಗೆ ಈಗಲೂ ಅನಿಸುತ್ತದೆ.

"ಹೇಳು ಅಮ್ಮ," ಎಂದಳು ಅವಳು. "ಬಸ್ಸಲ್ಲಿ ಡಬ್ಬಿ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಅದರಲ್ಲಿ ಏನಿತ್ತು?"

ಅಮ್ಮ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒರೆಸಿದಳು. ಬಣ್ಣ ಹೋದ ಮುಚ್ಚಳ. ಒಂದು ಕಾಲಕ್ಕೆ ಅದರ ಮೇಲೆ ಹೂದಾನಿಯ ಚಿತ್ರವಿತ್ತು.

"ಗುಂಡಿ ಇತ್ತು," ಎಂದಳು.

"ಗುಂಡಿ ಕೆಳಗೆ?"

"ಕೆಳಗೆ ಏನಿತ್ತೋ. ನಾನು ನೋಡಿಲ್ಲ."

ಇಸ್ತ್ರಿ ಪೆಟ್ಟಿಗೆ ಕಾದು ಟಿಕ್ ಎಂದು ಆರಿತು.

"ಅಜ್ಜಿ," ಎಂದಳು ಮಗಳು, "ನೀವೇ ಎಷ್ಟು ಸಲ ಹೇಳಿದೀರಿ. ಪಕ್ಕದವನಿಗೆ ಮುಚ್ಚಳ ತೆಗೆದು ತೋರಿಸ್ದೆ ಅಂತ."

"ವಯಸ್ಸಾಯ್ತು ಮಗು. ಏನೇನೋ ಹೇಳಿರ್ತೀನಿ." ಅಮ್ಮ ಅಣ್ಣನ ಕಡೆ ತಿರುಗಿದಳು. "ಮನೆ ಅವನ ಹೆಸರಲ್ಲಿದೆ. ಅವನದೇ."

ಸ್ಟೇಷನ್ ಮಾಸ್ಟರ್ ಮಾವ ಗಡಿಯಾರ ನೋಡಿಕೊಂಡರು. ಹತ್ತೂ ಇಪ್ಪತ್ತು. ಇಷ್ಟು ಬೇಗ ಮುಗಿಯುತ್ತದೆಂದು ಅವರೂ ಅಂದುಕೊಂಡಿರಲಿಲ್ಲ. ತಮ್ಮ ಹೊಸ್ತಿಲಿನಿಂದ ಎದ್ದು ಬೀದಿಗೆ ನಡೆದುಬಿಟ್ಟ. ಗೆದ್ದವನ ಹಾಗಿರಲಿಲ್ಲ ಅವನ ನಡಿಗೆ. ಅವನ ಹೆಂಡತಿ ಮಾತ್ರ ಮೆಟ್ಟಿಲ ಮೇಲೆ ಕೂತಲ್ಲೇ ತನ್ನ ಎರಡೂ ಕಾಲುಗಳನ್ನು ಚಾಚಿ, ಮೀನಖಂಡ ನೀವಿಕೊಳ್ಳತೊಡಗಿದಳು.

"ಇನ್ನೂ ಎರಡು ತಿಂಗಳು ಇರಿ ಅತ್ತಿಗೆ," ಎಂದಳು. "ನಾವೇನು ಕತ್ತು ಹಿಡಿದು ದಬ್ಬಲ್ಲ."

"ಶಾಲೆ ಅಂಗಿ ಮುಗಿಯೋವರೆಗೆ ಸಾಕು," ಎಂದಳು ಟೈಲರಮ್ಮ.

ಅಡುಗೆಮನೆಯಲ್ಲಿ ಗಂಡ ಅವಳಿಗೆ ನೀರು ತಂದುಕೊಟ್ಟ. "ನನ್ನ ಹೆಸರಲ್ಲಿ ಇದ್ದಿದ್ರೆ ಸಾಲ ಕೊಟ್ಟವರು ತಿಂತಿದ್ರು," ಎಂದ. "ಈಗ ಮನೆಯವರು ತಿಂದ್ರು. ಪುಣ್ಯಕ್ಕೆ ಹೊರಗೆ ಹೋಗಲಿಲ್ಲ." ಅವಳು ನಗಲಿಲ್ಲ. ಅವನೂ ನಗಿಸಲೆಂದು ಹೇಳಿರಲಿಲ್ಲ.

ಅಮ್ಮನ ಊಟ ಎಂದಿನಂತೆ ಕೆಳಗೇ ನಡೆಯಿತು. ಮಧ್ಯಾಹ್ನ ಒಂದಕ್ಕೆ ಬಂದು ತನ್ನ ತಟ್ಟೆ ತಾನೇ ತೆಗೆದುಕೊಂಡು ಕೂರುತ್ತಿದ್ದಳು. ಟೈಲರಮ್ಮ ಬಡಿಸುತ್ತಿದ್ದಳು. ಮೂರು ದಿನ ಒಂದು ಮಾತಿಲ್ಲ. ನಾಲ್ಕನೆಯ ದಿನ ಬೇಳೆಗೆ ಉಪ್ಪು ಜಾಸ್ತಿಯಾಗಿತ್ತು.

"ಉಪ್ಪಾಗಿದೆ," ಎಂದಳು ಅಮ್ಮ.

"ಮೇಲೆ ಹೋಗಿ ಉಣ್ಣು. ಅಲ್ಲಿ ಸರಿಯಾಗಿರುತ್ತೆ."

"ಮೇಲೆ ಅವಳು ಇರೋದು ಯಾವಾಗ, ಬೇಯಿಸೋದು ಯಾವಾಗ." ಅಮ್ಮ ಅನ್ನ ಸೇರಿಸಿ ಕಲಸಿದಳು. ತಟ್ಟೆ ನೋಡುತ್ತಲೇ ಹೇಳಿದಳು: "ಸಿಟ್ಟು ಮಾಡ್ಕೋಬೇಡ. ನಿನ್ನ ಕೈಲಿ ಕೆಲಸ ಇದೆ. ಎಲ್ಲಿ ಕೂತ್ರೂ ಬದುಕ್ತೀಯ. ಅವನಿಗೆ ಏನಿದೆ? ನಾಳೆ ಲಿಫ್ಟಿನ ಹೊಂಡದಲ್ಲಿ ಏನಾದ್ರೂ ಆದ್ರೆ ಅವಳು ಅವನನ್ನ ನೋಡ್ತಾಳಾ? ಒಂದು ಮನೆ ಇದ್ರೆ ನೋಡ್ತಾಳೆ."

"ಅದಕ್ಕೆ ನಾನು ಸುಳ್ಳುಗಾತಿ ಆಗಬೇಕಿತ್ತಾ, ಮಾವನ ಮುಂದೆ, ಮಗಳ ಮುಂದೆ?"

"ನಿನ್ನ ವಿರುದ್ಧ ಹೇಳಿದ್ರೂ ನೀನು ನನ್ನ ಬಿಡಲ್ಲ ಅಂತ ನನಗೆ ಗೊತ್ತು. ಅವನ ವಿರುದ್ಧ ಹೇಳಿದ್ರೆ ಅವನು ಬಿಟ್ಟುಬಿಡ್ತಾನೆ." ಅಮ್ಮ ಅದನ್ನು ತರಕಾರಿಯ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದಳು. "ಇನ್ನೊಂದು ಸ್ವಲ್ಪ ಅನ್ನ ಹಾಕು, ಉಪ್ಪು ತಗ್ಗುತ್ತೆ."

ಟೈಲರಮ್ಮ ಹಾಕಿದಳು. ಪಾತ್ರೆ ತೊಳೆಯುವಾಗ ಒಂದು ಯೋಚನೆ ಬಂತು: ಅಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮಗನ ಗುಣವನ್ನೂ ಮಗಳ ಗುಣವನ್ನೂ ಸರಿಯಾಗಿ ಅಳೆದೇ ಬಟ್ಟೆ ಕತ್ತರಿಸಿದ್ದಳು.

ಹೊಸ ಜಾಗ ಸಿಕ್ಕಿದ್ದು ಎರಡು ಬೀದಿಯಾಚೆ, ಬೇಕರಿಯ ಹಿಂಭಾಗದಲ್ಲಿ. ಒಂದು ಕೋಣೆ, ಒಂದು ಚಿಕ್ಕ ಅಡುಗೆಮನೆ. ಬೇಕರಿಯ ಒಲೆಗೆ ತಾಗಿದ ಗೋಡೆ ಬಿಸಿಯಾಗಿರುತ್ತಿತ್ತು. ಆದರೆ ಒಳ್ಳೆಯ ಕಿಟಕಿಯಿತ್ತು. ಟೈಲರಮ್ಮ ಮಗಳ ಜೊತೆ ಹೋಗಿ ಟೇಪು ಹಿಡಿದಳು.

"ಕಟಿಂಗ್ ಮೇಜು ಈ ಗೋಡೆಗೆ. ಒಂದು ಮೆಷಿನ್ ಕಿಟಕಿಗೆ. ಮೇಜಿನ ಕೆಳಗೆ ಹಾಸಿಗೆ ಸುತ್ತಿಡಬಹುದು."

"ಎರಡನೇ ಮೆಷಿನ್?"

"ಈ ಮೂಲೆ." ಅವಳು ಮಂಡಿಯೂರಿ ಅಳೆದಳು. ಮೆಷಿನ್ನು, ಅದರ ಮುಂದೆ ಸ್ಟೂಲು, ಕಾಲಾಡಲು ಜಾಗ. ಸರಿಯಾಗಿ ಹಿಡಿಯುತ್ತಿತ್ತು. ಆಮೇಲೆ ಅದೇ ಮೂಲೆಯನ್ನು ಇನ್ನೊಂದು ಸಲ, ಉದ್ದಕ್ಕೆ, ಅಳೆದಳು.

"ಅದೇನು?" ಎಂದಳು ಮಗಳು.

"ಅಜ್ಜಿ ಮಂಚ."

"ಹಿಡಿಯುತ್ತಾ?"

"ಮೆಷಿನ್ ಇಡದಿದ್ರೆ ಹಿಡಿಯುತ್ತೆ."

ಎರಡನೆಯ ಮೆಷಿನ್ನಿನಲ್ಲಿ ಕೂರುತ್ತಿದ್ದವಳು ಸಂಜೆ ಲ್ಯಾಬಿನಿಂದ ಬಂದ ಮಗಳೇ. ಅದು ನಿಂತರೆ ಶಾಲೆಯ ಮುಂದಿನ ಆರ್ಡರು ಕೈತಪ್ಪುತ್ತದೆ. ಆರ್ಡರು ಹೋದರೆ ಮಗಳ ತರಬೇತಿಯ ಫೀಸು ಇಲ್ಲ. ಮಗಳು ಅದನ್ನು ಹೇಳಲಿಲ್ಲ. "ನೀವು ಹೇಗೆ ಹೇಳ್ತೀರೋ ಹಾಗೆ," ಎಂದಷ್ಟೇ ಹೇಳಿ ಕಿಟಕಿಯ ಚಿಲಕ ತೆಗೆದು ಹಾಕಿ ನೋಡಿದಳು. ಲಾಯರಮ್ಮ ವಾದ ಮಾಡದೆ ಬಿಟ್ಟದ್ದು ಅದೇ ಮೊದಲು.

ಅಂಗಿಗಳು ಮುಗಿದ ವಾರ, ಸೋಮವಾರ ಬೆಳಿಗ್ಗೆ ಸಾಮಾನು ಸಾಗಿಸುವ ಗಾಡಿ ಬಂತು. ಗಂಡ ಮೇಜಿನ ಕಾಲುಗಳನ್ನು ಬಿಚ್ಚಿ ಕಟ್ಟಿದ್ದ. ಮರದ ಕೆಲಸ ಅವನ ಕೈಗಳು ಮರೆತಿರಲಿಲ್ಲ. ತಮ್ಮ ಕೆಲಸಕ್ಕೆ ಬೇಗನೇ ಹೊರಟುಹೋಗಿದ್ದ. ಅವನ ಹೆಂಡತಿ ರಜೆ ಹಾಕಿ, ಖಾಲಿಯಾಗುತ್ತಿದ್ದ ಮುಂದಿನ ಕೋಣೆಯನ್ನು ಹಿಂದೆಯೇ ಗುಡಿಸುತ್ತ ಬಂದಳು. ಮೊದಲ ಮೆಷಿನ್ನು ಹತ್ತಿತು. ಪಾತ್ರೆಗಳ ಮೂಟೆ, ಹಾಸಿಗೆಗಳು, ಎರಡನೆಯ ಮೆಷಿನ್ನು.

ಅಮ್ಮ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಹಾಸಿಗೆ ಸುತ್ತಿ ಕಟ್ಟಿ, ಮಾತ್ರೆಯ ಚೀಟಿಗಳನ್ನು ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಡಬ್ಬಿ.

"ಈ ಮಂಚ ಹಾಕಲಾ?" ಎಂದ ಗಾಡಿಯವನು.

"ಬೇಡ. ಅದು ಇಲ್ಲೇ ಇರುತ್ತೆ," ಎಂದಳು ಟೈಲರಮ್ಮ.

ಗುಡಿಸುತ್ತಿದ್ದ ಪೊರಕೆ ನಿಂತಿತು. "ಇಲ್ಲೇನಾ? ಯಾರು ನೋಡ್ಕೋತಾರೆ ಅತ್ತಿಗೆ? ನಾನು ದಿನವಿಡೀ ಅಂಗಡೀಲಿರೋಳು."

"ಅಂಗಡಿ ಇಲ್ಲೇ ಬರುತ್ತಲ್ಲ. ಹತ್ತು ಹೆಜ್ಜೆ."

ಅಮ್ಮ ಟೈಲರಮ್ಮನ ಮುಖ ನೋಡಿದಳು. ಇದೊಂದು ಸಿಟ್ಟಿನ ಮಾತು, ಈಗ ಇಳಿಯುತ್ತದೆ ಎಂದು ಕಾಯುವವಳ ಹಾಗೆ ನೋಡಿದಳು. ಇಳಿಯಲಿಲ್ಲ.

"ನನ್ನ ಬಿಟ್ಟು ಹೋಗ್ತೀಯಾ?"

"ನಾನು ಬಿಡ್ತಿಲ್ಲ ಅಮ್ಮ. ಈ ಮನೆ ಅವನದೇ ಅಂತ ನೀನೇ ಮಾವನ ಮುಂದೆ ಹೇಳಿದೀಯ. ಮಗನ ಮನೇಲಿ ಇದೀಯ."

"ನಿನಗೆ ಗೊತ್ತು ನಾನು ಯಾಕೆ ಹೇಳಿದೆ ಅಂತ."

"ಗೊತ್ತು. ಹೇಳಿದ್ಯಲ್ಲ. ಅಲ್ಲಿ ಒಂದು ಮೂಲೆ ಉಳಿದಿತ್ತು. ಎರಡು ಸಲ ಅಳೆದೆ. ಮೆಷಿನ್ ಹಿಡಿಯುತ್ತೆ, ಇಲ್ಲ ಮಂಚ ಹಿಡಿಯುತ್ತೆ."

ಗಂಡ ಬಾಗಿಲಲ್ಲಿ ನಿಂತು, "ನೋಡು, ಹೇಗಾದ್ರೂ ಮಾಡಿ..." ಎಂದು ಶುರು ಮಾಡಿದವನು ಅವಳ ಮುಖ ನೋಡಿ ಹಗ್ಗ ಬಿಗಿಯಲು ಹೋದ.

ಅವಳು ಅಮ್ಮನ ಮುಂದೆ ಕೈ ಚಾಚಿದಳು. "ಡಬ್ಬಿ ಕೊಡು."

ಅಮ್ಮ ಕೊಟ್ಟಳು. ಟೈಲರಮ್ಮ ಮುಚ್ಚಳ ತೆಗೆದಳು. ಯಾಕೆಂದು ಅವಳಿಗೂ ಗೊತ್ತಿಲ್ಲ, ಗುಂಡಿಗಳೊಳಗೆ ಬೆರಳಿಟ್ಟು ತಳದವರೆಗೆ ಒತ್ತಿದಳು. ತಗಡು ತಣ್ಣಗೆ ತಾಗಿತು. ಮುಚ್ಚಿದಳು.

"ಗುಂಡಿ ಯಾರು ಹೊಲಿತಾರೆ?" ಎಂದಳು ಅಮ್ಮ. ದನಿ ಬಹಳ ಸಣ್ಣದಾಗಿತ್ತು.

"ಯಾರನ್ನಾದ್ರೂ ಇಟ್ಕೋತೀನಿ. ಸಂಬಳ ಕೊಟ್ಟು."

ಗಾಡಿ ಹೊರಟಿತು. ಮಗಳು ಹಿಂದೆ ಹತ್ತಿ ಮೆಷಿನ್ನು ಜಾರದಂತೆ ಹಿಡಿದು ಕೂತಳು. ಟೈಲರಮ್ಮ ಡಬ್ಬಿ ಹಿಡಿದು ಪಕ್ಕದಲ್ಲಿ ನಡೆದಳು. ತಿರುವಿನಲ್ಲಿ ಒಂದು ಸಲ ನಿಂತು ನೋಡಿದಾಗ, ಅವಳೇ ತೆರೆದಿಟ್ಟ ಕಿಟಕಿಯಿಂದ ಒಳಗಿನದೆಲ್ಲ ಬೀದಿಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಖಾಲಿ ಕೋಣೆ, ಅದರಾಚೆ ನಡುಮನೆಯಲ್ಲಿ ಮಂಚ, ಸುತ್ತಿಟ್ಟ ಹಾಸಿಗೆ, ಡಬ್ಬಿಯಿದ್ದ ಜಾಗದಲ್ಲಿ ಎರಡೂ ಅಂಗೈ ಮೇಲೆ ಮಾಡಿಟ್ಟುಕೊಂಡು ಕೂತ ಅಮ್ಮ. ಆಮೇಲೆ ತಮ್ಮನ ಹೆಂಡತಿ ಪೊರಕೆ ಹಿಡಿದೇ ಬಂದು, ಧೂಳು ಬರುತ್ತದೆಂದು ಕಿಟಕಿಯ ಎರಡೂ ಬಾಗಿಲು ಎಳೆದುಕೊಂಡಳು.